ನೀರು ಏರು ಹತ್ತಿತು: ದಾವಣಗೆರೆಯಲ್ಲಿ ಕೂತು ಅಂಟಾರ್ಕ್ಟಿಕಾದ ಕೆರೆ ನೋಡಿದ್ದು

ನಾನು ಮಾಡಿದ ಮೊದಲ ನಕ್ಷೆಯಲ್ಲಿ ಪಶ್ಚಿಮ ಅಂಟಾರ್ಕ್ಟಿಕಾದ ಮಂಜುಗಡ್ಡೆಯ ಅಡಿಯಲ್ಲಿರುವ ನೀರೆಲ್ಲ ಸಮುದ್ರಕ್ಕೆ ಬೆನ್ನು ಹಾಕಿ ಒಳನಾಡಿನ ಕಡೆ ಹರಿದಿತ್ತು. ಅಲ್ಲಿ ಒಂದು ದೊಡ್ಡ ಗುಂಡಿಗೆ ಬಿದ್ದು ನಿಂತುಬಿಟ್ಟಿತ್ತು. ನೋಡೋಕೆ ನಕ್ಷೆ ಚೆನ್ನಾಗಿಯೇ ಇತ್ತು. ನೀಲಿ ಗೆರೆಗಳು ಅರಳಿ ಎಲೆಯ ನರದ ಹಾಗೆ ಹರಡಿಕೊಂಡಿದ್ದವು. ಕಲರ್ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದೆ. ಅದು ಪೂರ್ತಿ ತಪ್ಪು ಅಂತ ಗೊತ್ತಾಗಲು ಎರಡು ತಿಂಗಳು ಹಿಡಿಯಿತು.

ಹೊಟ್ಟೆಪಾಡಿಗೆ ನಾನು ಜಲಾನಯನ ನಕ್ಷೆ ಮಾಡುತ್ತೇನೆ. ಗುತ್ತಿಗೆ ಕೆಲಸ. ಹೊಳಲ್ಕೆರೆ, ಜಗಳೂರು, ಹೊಸದುರ್ಗ, ಚಳ್ಳಕೆರೆ ಕಡೆ ಯಾವ ಹಳ್ಳ ಯಾವ ಕೆರೆಗೆ ಸೇರುತ್ತದೆ, ಚೆಕ್ ಡ್ಯಾಂ ಎಲ್ಲಿ ಕಟ್ಟಿದರೆ ನೀರು ನಿಲ್ಲುತ್ತದೆ ಅಂತ ಕಂಪ್ಯೂಟರಿನಲ್ಲಿ ಗೆರೆ ಎಳೆದು ಕೊಡುವುದು. ಅದಕ್ಕೆ ಬೇಕಾದದ್ದು ನೆಲದ ಎತ್ತರದ ಮಾಹಿತಿ ಒಂದೇ. ನೀರು ಎತ್ತರದಿಂದ ತಗ್ಗಿಗೆ ಹೋಗುತ್ತದೆ, ಉಳಿದದ್ದನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ನಮ್ಮ ದೊಡ್ಡಪ್ಪ ಊರಿನ ಕೆರೆಗೆ ನೀರಗಂಟಿ ಆಗಿದ್ದವರು. ಅವರು ಕಂಪ್ಯೂಟರ್ ಇಲ್ಲದೆ ಮಾಡುತ್ತಿದ್ದ ಕೆಲಸವನ್ನೇ ನಾನು ಕರೆಂಟ್ ಸುಟ್ಟು ಮಾಡುತ್ತೇನೆ ಅಂತ ಮನೆಯಲ್ಲಿ ತಮಾಷೆ ಮಾಡುತ್ತಾರೆ.

ಅಂಟಾರ್ಕ್ಟಿಕಾ ತಲೆಗೆ ಹೊಕ್ಕಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಆ ತಿಂಗಳು ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ನಮ್ಮ ಭಾಗದವರೆಲ್ಲ ಜಾತ್ರೆಗೆ ಹೋದ ಹಾಗೆ ಹೋಗಿ ನೋಡಿದರು. ನಾನೂ ನನ್ನ ಗೆಳೆಯನೂ ಹೋಗಿದ್ದೆವು. ಅವನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಾನೆ. ವಾಪಸ್ ಬರುವಾಗ ಕಾರಿನಲ್ಲಿ ಅವನೇ ಹೇಳಿದ: "ಅಂಟಾರ್ಕ್ಟಿಕಾದಲ್ಲೂ ಕೆರೆ ತುಂಬುತ್ತವೆ, ಖಾಲಿ ಆಗುತ್ತವೆ, ಗೊತ್ತಾ? ಮೇಲೆ ಎರಡು ಮೂರು ಕಿಲೋಮೀಟರ್ ಮಂಜುಗಡ್ಡೆ ಇರುತ್ತೆ. ಯಾರ ಕಣ್ಣಿಗೂ ಬೀಳಲ್ಲ. ಮಂಜುಗಡ್ಡೆಯ ಬೆನ್ನು ಏರಿ ಇಳಿಯೋದನ್ನ ಸ್ಯಾಟಲೈಟ್ ನೋಡುತ್ತೆ, ಅಷ್ಟೇ."

ಅಷ್ಟು ಚಳಿಯಲ್ಲಿ ನೀರು ಎಲ್ಲಿಂದ ಬಂತು? ನನಗೆ ಮೊದಲು ಹುಟ್ಟಿದ ಪ್ರಶ್ನೆ ಇದು. ಅಲ್ಲಿನ ರಷ್ಯಾದ ವೊಸ್ಟೊಕ್ ಕೇಂದ್ರದಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾಗಿತ್ತು. ಅದೇ ಕೇಂದ್ರದ ಕೆಳಗೆ, ಸುಮಾರು ನಾಲ್ಕು ಕಿಲೋಮೀಟರ್ ಆಳದಲ್ಲಿ, 250 ಕಿಲೋಮೀಟರ್ ಉದ್ದದ ಕೆರೆ ಇದೆ. ವಿಷಯ ಇಷ್ಟೇ: ಮಂಜುಗಡ್ಡೆ ದಪ್ಪ ಕಂಬಳಿ ಇದ್ದ ಹಾಗೆ. ಮೇಲಿನ ಚಳಿ ಕೆಳಗೆ ಇಳಿಯಲ್ಲ. ಕೆಳಗೆ ಭೂಮಿಯ ಕಾವು ಸ್ವಲ್ಪ ಸ್ವಲ್ಪವೇ ಬರುತ್ತಿರುತ್ತದೆ, ಹೋಗಲು ದಾರಿ ಇಲ್ಲ. ಮಂಜುಗಡ್ಡೆ ಜಾರುವ ಕಡೆ ಉಜ್ಜಾಟದ ಬಿಸಿಯೂ ಸೇರುತ್ತದೆ. ಜೊತೆಗೆ ಮೇಲಿನ ಭಾರಕ್ಕೆ ಕರಗುವ ಡಿಗ್ರಿಯೇ ಇಳಿಯುತ್ತದೆ. ನಾಲ್ಕು ಕಿಲೋಮೀಟರ್ ಕೆಳಗೆ ಮೈನಸ್ 3ರ ಹತ್ತಿರವೇ ಕರಗುತ್ತದೆ. ಕರಗುವುದು ವರ್ಷಕ್ಕೆ ಕೆಲವು ಮಿಲಿಮೀಟರ್ ಮಾತ್ರ. ಆದರೆ ಅಂಟಾರ್ಕ್ಟಿಕಾ ನಾಲ್ಕು ಭಾರತಕ್ಕಿಂತ ದೊಡ್ಡದು. ಅಷ್ಟಗಲದ ಮಿಲಿಮೀಟರ್‌ಗಳು ಸೇರಿದರೆ ನದಿಗಳೇ ಆಗುತ್ತವೆ.

ವೊಸ್ಟೊಕ್ ಕೆರೆಯಲ್ಲಿ ಸುಮಾರು 5,400 ಘನ ಕಿಲೋಮೀಟರ್ ನೀರಿದೆ. ಈ ಅಂಕಿ ಓದಿದಾಗ ಏನೂ ಅನ್ನಿಸಲಿಲ್ಲ. ನಮ್ಮ ಟಿಎಂಸಿಗೆ ಬದಲಾಯಿಸಿದೆ. ಒಂದು ಲಕ್ಷ ತೊಂಬತ್ತು ಸಾವಿರ ಟಿಎಂಸಿ ಬಂತು. ನಮ್ಮ ಭದ್ರಾ ಜಲಾಶಯ 71.5 ಟಿಎಂಸಿ. ಕ್ಯಾಲ್ಕುಲೇಟರ್ ಕೆಟ್ಟಿದೆಯೇನೋ ಅಂತ ಎರಡನೇ ಸಲ ಹೊಡೆದು ನೋಡಿದೆ. ಎರಡೂವರೆ ಸಾವಿರಕ್ಕೂ ಜಾಸ್ತಿ ಭದ್ರಾ!

ಮಾಹಿತಿ ಎಲ್ಲ ಪುಕ್ಕಟೆ. ಇದು ನನಗೆ ನಂಬಲಿಕ್ಕೇ ಆಗಲಿಲ್ಲ. ನಮ್ಮ ತಾಲ್ಲೂಕಿನ ಒಂದು ಹಳೇ ನಕ್ಷೆ ಬೇಕಾದರೆ ನಾಲ್ಕು ಸಲ ಓಡಾಡಬೇಕು. ನಾಸಾದ ಅರ್ಥ್‌ಡೇಟಾದಲ್ಲಿ ಒಂದು ಖಾತೆ ತೆರೆದರೆ ಅಂಟಾರ್ಕ್ಟಿಕಾದ ತಳದ ನಕ್ಷೆ ಮನೆಗೆ ಬರುತ್ತದೆ. ಅದರ ಹೆಸರು ಬೆಡ್‌ಮಷೀನ್. ಐದುನೂರು ಮೀಟರ್‌ಗೆ ಒಂದು ಚೌಕ. ಪ್ರತಿ ಚೌಕಕ್ಕೂ ತಳ ಎಷ್ಟು ಎತ್ತರದಲ್ಲಿದೆ, ಮೇಲೆ ಎಷ್ಟು ದಪ್ಪ ಮಂಜುಗಡ್ಡೆ ಇದೆ ಅಂತ ಇರುತ್ತದೆ. ನಾರ್ವೆಯವರು ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ಗೆ ಅಂತಲೇ ಮಾಡಿಕೊಟ್ಟ ಕ್ವಾಂಟಾರ್ಕ್ಟಿಕಾ ಅನ್ನುವ ಕಟ್ಟೂ ಇದೆ. ಶುರು ಮಾಡುವವರು ಅದರಿಂದಲೇ ಶುರು ಮಾಡಿ. ನನ್ನ ಹಾಗೆ ಅಭ್ಯಾಸಬಲದಿಂದ ಕರ್ನಾಟಕಕ್ಕೆ ಹಾಕುವ ಪ್ರೊಜೆಕ್ಷನ್‌ನಲ್ಲೇ (ದುಂಡು ಭೂಮಿಯನ್ನು ಚಪ್ಪಟೆ ನಕ್ಷೆ ಮಾಡುವ ಲೆಕ್ಕ) ತೆರೆದರೆ ಖಂಡ ಪರದೆಯ ತಳದಲ್ಲಿ ಹರಿದ ಬಟ್ಟೆ ಥರ ಬಿದ್ದಿರುತ್ತದೆ. 3031 ಅಂತ ಒಂದು ನಂಬರ್ ಇದೆ, ಅದು ಧ್ರುವಕ್ಕೇ ಮಾಡಿದ್ದು. ಅದನ್ನು ಹಾಕಬೇಕು.

ಇನ್ನೊಂದು ಕಿವಿಮಾತು. ಇಡೀ ಖಂಡವನ್ನು ಒಟ್ಟಿಗೆ ಓಡಿಸಬೇಡಿ. 13,333 ಅಡ್ಡ, 13,333 ಉದ್ದ ಚೌಕಗಳು. ಅಂದರೆ ಹದಿನೇಳು ಕೋಟಿ ಮೇಲೆ. ನನ್ನ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಗುಂಯ್‌ಗುಟ್ಟಿ, ಬೆಳಿಗ್ಗೆ ಐದಕ್ಕೆ ಕರೆಂಟ್ ಹೋಗಿ, ಹಳೇ ಬ್ಯಾಟರಿ ಕೈಕೊಟ್ಟು, ಎಲ್ಲ ಮೊದಲಿಂದ. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಲ್ಲಿ ಅದರ ಅಡಿಗೆ ಟೇಬಲ್ ಫ್ಯಾನ್ ಇಟ್ಟು ಅಂಟಾರ್ಕ್ಟಿಕಾದ ಲೆಕ್ಕ ಮಾಡಿದ್ದೇನೆ. ಆಮೇಲೆ ಬುದ್ಧಿ ಬಂತು. ಪಶ್ಚಿಮ ಅಂಟಾರ್ಕ್ಟಿಕಾದ ಸಿಪ್ಲ್ ಕರಾವಳಿಯ ತುಂಡೊಂದನ್ನು ಕತ್ತರಿಸಿಕೊಂಡೆ. ವಿಲ್ಲನ್ಸ್, ಮರ್ಸರ್, ಎಂಗಲ್‌ಹಾರ್ಟ್ ಅನ್ನುವ ಪ್ರಸಿದ್ಧ ಕೆರೆಗಳು ಇರುವುದು ಅಲ್ಲೇ.

ಇನ್ನು ಆ ತಪ್ಪು ನಕ್ಷೆಗೆ ಬರುತ್ತೇನೆ. ನಾನು ಮಾಡಿದ್ದು ಇಷ್ಟು: ಮಂಜುಗಡ್ಡೆಯನ್ನು ತೆಗೆದು ಬದಿಗಿಟ್ಟೆ, ತಳದ ನೆಲ ಮಾತ್ರ ತೆಗೆದುಕೊಂಡೆ, ಜಗಳೂರಿನ ಹಳ್ಳಕ್ಕೆ ಮಾಡುವ ಹಾಗೆ ನೀರು ಬಿಟ್ಟೆ. ಪಶ್ಚಿಮ ಅಂಟಾರ್ಕ್ಟಿಕಾದ ನೆಲ ಬಹುಪಾಲು ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ದಡದಿಂದ ಒಳಗೆ ಹೋದಂತೆ ಇನ್ನೂ ತಗ್ಗು. ಬೆಂಟ್ಲಿ ಕಂದಕ ಅನ್ನುವುದು ಸಮುದ್ರ ಮಟ್ಟಕ್ಕಿಂತ ಎರಡೂವರೆ ಕಿಲೋಮೀಟರ್ ಕೆಳಗಿದೆ. ಹಾಗಾಗಿ ನನ್ನ ನೀರೆಲ್ಲ ಹಿಂದಕ್ಕೆ ಹೋಗಿ ಅಲ್ಲಿ ಬಿತ್ತು. ವಿಜ್ಞಾನಿಗಳು ಗುರುತಿಸಿದ ಕೆರೆಗಳ ಪಟ್ಟಿಯನ್ನು ಮೇಲೆ ಹಾಕಿ ನೋಡಿದೆ. 2022ರಲ್ಲಿ ಒಂದು ಎಣಿಕೆ ಬಂದಿತ್ತು. ಪ್ರಪಂಚದಲ್ಲಿ ಇಂಥ ಕೆರೆ ಒಟ್ಟು 773, ಅದರಲ್ಲಿ 675 ಅಂಟಾರ್ಕ್ಟಿಕಾದಲ್ಲೇ. ನನ್ನ ನೀಲಿ ಗೆರೆಗೂ ಆ ಕೆರೆಗಳಿಗೂ ಸಂಬಂಧವೇ ಇಲ್ಲ. ಅವರೇ ತಪ್ಪಿರಬಹುದು ಅಂತ ಒಂದು ವಾರ ಅಂದುಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ.

ಗೆಳೆಯ ಮನೆಗೆ ಬಂದವನು ಗೋಡೆ ನೋಡಿ ನಕ್ಕ. "ಅಲ್ಲೋ, ತಲೆ ಮೇಲೆ ಎರಡು ಕಿಲೋಮೀಟರ್ ಮಂಜುಗಡ್ಡೆ ಕೂತಿದೆಯಲ್ಲ, ಅದರ ಭಾರ ಎಲ್ಲಿ ಹಾಕಿದ್ದೀಯಾ?"

ಹಾಕಿರಲಿಲ್ಲ. ನಮ್ಮ ಕೆರೆ ಮೇಲೆ ಇರುವುದು ಗಾಳಿ. ಗಾಳಿಯ ಭಾರ ಎಲ್ಲ ಕಡೆ ಒಂದೇ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಹಾಗಲ್ಲ. ಮಂಜುಗಡ್ಡೆ ದಪ್ಪ ಇರುವ ಕಡೆ ನೀರನ್ನು ಹಿಂಡುತ್ತದೆ, ತೆಳು ಇರುವ ಕಡೆ ಬಿಡುತ್ತದೆ. ನೀರು ಭಾರ ಕಡಿಮೆ ಇರುವ ಕಡೆಗೆ ಓಡುತ್ತದೆ, ನೆಲ ಏರಿದ್ದರೂ ಸರಿ. ಲೆಕ್ಕ ಒಂದೇ ಸಾಲು. ತಳದ ಎತ್ತರಕ್ಕೆ ಮಂಜುಗಡ್ಡೆಯ ದಪ್ಪದ 0.917 ಪಾಲು ಕೂಡಿಸಬೇಕು. ಮಂಜುಗಡ್ಡೆಯ ಭಾರ ನೀರಿನ ಭಾರದ ಸುಮಾರು 0.917 ಪಾಲು ಅಲ್ವಾ, ಅದಕ್ಕೆ. ಬಂದ ಸಂಖ್ಯೆ ಎಲ್ಲಿ ಜಾಸ್ತಿಯೋ ಅಲ್ಲಿಂದ ಕಡಿಮೆ ಇರುವ ಕಡೆಗೆ ನೀರು ಹೋಗುತ್ತದೆ. ರೊನಾಲ್ಡ್ ಶ್ರೀವ್ ಅನ್ನುವವರು ಇದನ್ನು 1972ರಲ್ಲೇ ಬರೆದಿಟ್ಟಿದ್ದಾರೆ.

ಸುಮ್ನೆ ಒಂದು ಉದಾಹರಣೆ ಹಾಕಿ ನೋಡಿ. ಒಳಗಡೆ ಒಂದು ಜಾಗ, ತಳ ಮೈನಸ್ 1,500 ಮೀಟರ್, ಮೇಲೆ 2,500 ಮೀಟರ್ ಮಂಜುಗಡ್ಡೆ. ಲೆಕ್ಕ ಹಾಕಿದರೆ 792 ಬರುತ್ತದೆ. ದಡದ ಕಡೆ ಇನ್ನೊಂದು ಜಾಗ, ತಳ ಮೈನಸ್ 1,000, ಮಂಜುಗಡ್ಡೆ 1,700 ಮೀಟರ್. ಅಲ್ಲಿ 559. ನೀರು ಮೊದಲನೆಯದರಿಂದ ಎರಡನೆಯದಕ್ಕೆ ಹೋಗುತ್ತದೆ. ಅಂದರೆ ಐನೂರು ಮೀಟರ್ ಏರು ಹತ್ತುತ್ತದೆ! ಮಂಜುಗಡ್ಡೆಯ ಮೇಲ್ಮೈ ಯಾವ ಕಡೆ ಇಳಿಜಾರೋ ಆ ಕಡೆಗೇ ನೀರಿನ ಓಟ. ತಳದ ಇಳಿಜಾರಿಗಿಂತ ಮೇಲ್ಮೈಯ ಇಳಿಜಾರಿಗೆ ಸುಮಾರು ಹನ್ನೊಂದು ಪಟ್ಟು ಮಾತು ನಡೆಯುತ್ತದೆ. ಇಪ್ಪತ್ತು ವರ್ಷ ನೆಲ ನೋಡಿ ನೀರು ಹೇಳಿದವನಿಗೆ ಇದು ಜೀರ್ಣವಾಗಲು ಟೈಮ್ ಬೇಕಾಯಿತು.

ದೊಡ್ಡಪ್ಪನಿಗೆ ಇದನ್ನು ಹೇಳಲು ಊರಿಗೆ ಹೋದಾಗ ಅಡುಗೆಮನೆಯಿಂದ ಹಾಲಿನ ಪ್ಯಾಕೆಟ್ ತಂದೆ. ಜಗಲಿಯ ಮೇಲೆ ಸ್ವಲ್ಪ ಓರೆಯಾಗಿ ಇಟ್ಟು, ತಗ್ಗಿನ ತುದಿಯನ್ನು ಅಂಗೈಯಲ್ಲಿ ಒತ್ತಿದೆ. ಹಾಲು ಎತ್ತರದ ತುದಿಗೆ ಹೋಗಿ ಉಬ್ಬಿತು. ಅವರು ಸುಮ್ಮನೆ ನೋಡಿದರು. "ಹಂಗಾದ್ರೆ ಅಲ್ಲಿ ಏರಿ ಯಾವುದಪ್ಪಾ?" ಅಂದರು. ಏರಿ ಇಲ್ಲ, ಮಂಜುಗಡ್ಡೆ ದಪ್ಪ ಇರುವ ಕಡೆಯೇ ಏರಿ ಅಂದೆ. ತಲೆ ಆಡಿಸಿದರು. ಒಪ್ಪಿದ್ದಕ್ಕೋ ಹಾಲು ಚೆಲ್ಲುತ್ತೆ ಅನ್ನುವುದಕ್ಕೋ ಗೊತ್ತಾಗಲಿಲ್ಲ.

ವೊಸ್ಟೊಕ್ ಕೆರೆಯ ಒಂದು ವಿಷಯ ಮಾತ್ರ ಅವರಿಗೆ ನಾನು ಹೇಳಲೇ ಇಲ್ಲ. ಆ ಕೆರೆಯ ಉತ್ತರದ ತುದಿಯಲ್ಲಿ ಮಂಜುಗಡ್ಡೆ ಸುಮಾರು 4,200 ಮೀಟರ್ ದಪ್ಪ, ದಕ್ಷಿಣದಲ್ಲಿ 3,700ರ ಆಸುಪಾಸು. ಮಂಜುಗಡ್ಡೆಯ ಮೇಲ್ಮೈ ಹೆಚ್ಚುಕಡಿಮೆ ಸಪಾಟು. ಅಂದರೆ ಕೆಳಗೆ ನೀರಿನ ಮಟ್ಟವೇ ಓರೆ, ನೂರಾರು ಮೀಟರ್ ಓರೆ. ಆದರೂ ನೀರು ಅಲುಗಾಡದೆ ನಿಂತಿದೆ. ಜೀವನವಿಡೀ ಕೆರೆ ನೀರಿನ ಮಟ್ಟ ನೋಡಿದವರ ಮುಂದೆ ಇದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ.

ಹೊಸ ಲೆಕ್ಕದಿಂದ ಮತ್ತೆ ನಕ್ಷೆ ಮಾಡಿದೆ. ಈ ಸಲ ಗೆರೆಗಳೆಲ್ಲ ಸಮುದ್ರದ ಕಡೆ ತಿರುಗಿದವು. ಕೆರೆಗಳು ಗೆರೆಯ ಮೇಲೆ ಮಣಿ ಪೋಣಿಸಿದ ಹಾಗೆ ಕೂತವು. ಚಿತ್ರದುರ್ಗದ ಕೋಟೆಯಲ್ಲಿ ಮೇಲಿನ ಹೊಂಡ ತುಂಬಿದರೆ ಕೆಳಗಿನ ಹೊಂಡಕ್ಕೆ ನೀರು ಇಳಿಯುತ್ತದಲ್ಲ, ಅದೇ ಸರಪಳಿ.

ಇಲ್ಲಿ ನನ್ನ ಕಸುಬಿನ ಇನ್ನೊಂದು ಅಭ್ಯಾಸ ತಲೆಕೆಳಗಾಯಿತು. ನಾವು ಜಲಾನಯನ ಮಾಡುವಾಗ ಮೊದಲ ಕೆಲಸವೇ ಗುಂಡಿ ಮುಚ್ಚುವುದು. ಎತ್ತರದ ಮಾಹಿತಿಯಲ್ಲಿ ಅಲ್ಲಲ್ಲಿ ಸುಳ್ಳು ಗುಂಡಿಗಳಿರುತ್ತವೆ, ನೀರು ಅದರಲ್ಲಿ ಸಿಕ್ಕಿಕೊಂಡು ಮುಂದೆ ಹೋಗಲ್ಲ. ಅದಕ್ಕೆ ಸಾಫ್ಟ್‌ವೇರ್‌ಗೆ ಹೇಳಿ ಎಲ್ಲ ಸಮ ಮಾಡಿಬಿಡುತ್ತೇವೆ. ಒಂದು ಬಟನ್, ಯೋಚನೆಯೇ ಇಲ್ಲ. ಅಂಟಾರ್ಕ್ಟಿಕಾಕ್ಕೂ ಅದನ್ನೇ ಒತ್ತಿದ್ದೆ. ಆಮೇಲೆ ಹೊಳೆಯಿತು, ಇಲ್ಲಿ ನನಗೆ ಬೇಕಾದದ್ದೇ ಗುಂಡಿ! ಒತ್ತಡದ ಲೆಕ್ಕದಲ್ಲಿ ಎಲ್ಲಿ ಗುಂಡಿಯೋ ಅಲ್ಲಿ ನೀರು ನಿಲ್ಲಬೇಕು. ಮುಚ್ಚಿದ ನಕ್ಷೆಯಿಂದ ಮುಚ್ಚದ ನಕ್ಷೆಯನ್ನು ಕಳೆದೆ. ಉಳಿದದ್ದೇ ಕೆರೆಗಳ ಅಂದಾಜು.

ಅಂದಾಜು ಅಂತ ಒತ್ತಿ ಹೇಳುತ್ತೇನೆ. ಬಂದದ್ದು ನೂರಾರು ಗುಂಡಿ, ಬಹುಪಾಲು ಜೊಳ್ಳು. ಕಾರಣ ಇದೆ. ತಳದ ಎತ್ತರ ಅಳೆಯುವುದು ವಿಮಾನದಿಂದ ರೇಡಾರ್ ಬಿಟ್ಟು. ರೇಡಾರ್ ಅಲೆ ಮಂಜುಗಡ್ಡೆ ತೂರಿ ತಳ ಮುಟ್ಟಿ ವಾಪಸ್ ಬರುತ್ತದೆ. ನೀರು ಇದ್ದರೆ ಕನ್ನಡಿಯ ಹಾಗೆ ಗಟ್ಟಿಯಾಗಿ ಬರುತ್ತದೆ. 1970ರ ಆಸುಪಾಸಿನಲ್ಲಿ ಮೊದಲ ಕೆರೆಗಳು ಸಿಕ್ಕಿದ್ದು ಹೀಗೇ. ಆದರೆ ವಿಮಾನ ಹಾರಿದ ಗೆರೆಯ ಮೇಲೆ ಮಾತ್ರ ನಿಜವಾದ ಅಳತೆ. ಎರಡು ಗೆರೆಗಳ ನಡುವೆ ಇರುವುದು ಲೆಕ್ಕ ಹಾಕಿ ತುಂಬಿಸಿದ್ದು. ಆ ತುಂಬಿಸಿದ ಜಾಗದಲ್ಲಿ ಸಿಕ್ಕ ಗುಂಡಿಯನ್ನು ನಂಬಿದರೆ ಕೆಟ್ಟೆವು. ನಾನು ನಲವತ್ತರಷ್ಟು ಮಾತ್ರ ಇಟ್ಟುಕೊಂಡೆ.

ಗುಂಡಿ ಇದೆ ಅಂದ ಮಾತ್ರಕ್ಕೆ ನೀರು ಇದೆಯಾ? ಏರಿಳಿಯುತ್ತಾ? ಇದಕ್ಕೆ ಸ್ಯಾಟಲೈಟ್ ಬೇಕು. 2018ರ ಸೆಪ್ಟೆಂಬರ್‌ನಲ್ಲಿ ಹಾರಿಸಿದ ಐಸ್‌ಸ್ಯಾಟ್-2 ಸುಮಾರು ಐನೂರು ಕಿಲೋಮೀಟರ್ ಮೇಲಿಂದ ಹಸಿರು ಲೇಸರ್ ಬಿಡುತ್ತದೆ, ಸೆಕೆಂಡಿಗೆ ಹತ್ತು ಸಾವಿರ ಸಲ. 91 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ. ಮಂಜುಗಡ್ಡೆ ಕೆಲವು ಸೆಂಟಿಮೀಟರ್ ಏರಿದರೂ ಗೊತ್ತಾಗುತ್ತದೆ. ಕೆಳಗೆ ಕೆರೆ ತುಂಬಿದರೆ ಮೇಲಿನ ಮಂಜುಗಡ್ಡೆ ಉಬ್ಬುತ್ತದೆ, ಖಾಲಿ ಆದರೆ ಕುಸಿಯುತ್ತದೆ. ಅದರ ಮೂರು ತಿಂಗಳಿಗೊಮ್ಮೆಯ ಏರಿಳಿತದ ಚೌಕ ನಕ್ಷೆಗಳೂ ಪುಕ್ಕಟೆ ಸಿಗುತ್ತವೆ.

ಈ ವಿಷಯ ಮೊದಲು ದೊಡ್ಡ ಸುದ್ದಿಯಾದದ್ದು 2006ರಲ್ಲಿ. ಪೂರ್ವ ಅಂಟಾರ್ಕ್ಟಿಕಾದಲ್ಲಿ ಅಡ್ವೆಂಚರ್ ಕಂದಕ ಅನ್ನುವ ಕಡೆ ಮಂಜುಗಡ್ಡೆ ಸುಮಾರು ಮೂರು ಮೀಟರ್ ಕುಸಿದಿತ್ತು. ಅದೇ ಹೊತ್ತಿಗೆ 290 ಕಿಲೋಮೀಟರ್ ದೂರದಲ್ಲಿ ಬೇರೆ ಕಡೆ ಉಬ್ಬಿತ್ತು. ಹದಿನಾರು ತಿಂಗಳಲ್ಲಿ 1.8 ಘನ ಕಿಲೋಮೀಟರ್ ನೀರು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಿತ್ತು. 63 ಟಿಎಂಸಿ. ಎರಡು ವಾಣಿವಿಲಾಸ ಸಾಗರ ಖಾಲಿ ಮಾಡಿದ ಹಾಗೆ. ಮುಂದಿನ ವರ್ಷ ಹೆಲೆನ್ ಫ್ರಿಕರ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ವಿಲ್ಲನ್ಸ್ ಕಡೆ ಇಂಥವು ಇನ್ನೂ ಇವೆ ಅಂತ ತೋರಿಸಿದರು. ಎಂಗಲ್‌ಹಾರ್ಟ್ ಕೆರೆಯ ಮೇಲಂತೂ ಮಂಜುಗಡ್ಡೆ ಒಂಬತ್ತು ಮೀಟರ್ ಇಳಿದಿತ್ತು. ಅಲ್ಲಿಯವರೆಗೂ ಈ ಕೆರೆಗಳು ಲಕ್ಷಾಂತರ ವರ್ಷದಿಂದ ಸುಮ್ಮನೆ ನಿಂತ ನೀರು ಅನ್ನುವ ಭಾವನೆಯೇ ಜಾಸ್ತಿ ಇತ್ತು.

ನನ್ನ ಮೊದಲ 'ಶೋಧ'ದ ಮಾನ ಹೋದದ್ದನ್ನೂ ಹೇಳಿಬಿಡುತ್ತೇನೆ. ಐಸ್‌ಸ್ಯಾಟ್ ಎತ್ತರದಿಂದ ಬೆಡ್‌ಮಷೀನ್ ಎತ್ತರ ಕಳೆದು ನೋಡಿದಾಗ ಎಲ್ಲೆಲ್ಲೂ ಹತ್ತಾರು ಮೀಟರ್ ವ್ಯತ್ಯಾಸ! ಕೈ ನಡುಗಿತು. ಎರಡು ದಿನ ಬಿಟ್ಟು ತಿಳಿಯಿತು, ಒಂದು ಅಳೆಯುವುದು ಸಮುದ್ರ ಮಟ್ಟದ ಲೆಕ್ಕದಿಂದ, ಇನ್ನೊಂದು ಜಿಪಿಎಸ್ ಬಳಸುವ, ಧ್ರುವದ ಕಡೆ ಸ್ವಲ್ಪ ಚಪ್ಪಟೆಯಾದ ಗಣಿತದ ಗೋಳದಿಂದ. ಸರ್ವೆ ಮಾಡುವ ಹುಡುಗರಿಗೆ ನಾನೇ ಪಾಠ ಹೇಳುವ ತಪ್ಪು ಅದು. ಎರಡನೆಯದು ಇನ್ನೂ ನಾಚಿಕೆ. ಪೂರ್ವ ಅಂಟಾರ್ಕ್ಟಿಕಾದಲ್ಲಿ 2022ರ ಮೊದಲರ್ಧದಲ್ಲಿ ಒಂದು ಕಡೆ ಚೆನ್ನಾಗಿ ಉಬ್ಬಿತ್ತು. ಮಂಡಕ್ಕಿ ಮಿರ್ಚಿ ತಿನ್ನುತ್ತಾ ಗೆಳೆಯರಿಗೆಲ್ಲ "ಹೊಸ ಕೆರೆ ಸಿಕ್ಕಿದೆ" ಅಂತ ಸಾರಿದ್ದೆ. ಆ ಮಾರ್ಚ್‌ನಲ್ಲಿ ಅಲ್ಲಿಗೆ ಬೆಚ್ಚನೆಯ ತೇವದ ಗಾಳಿ ನುಗ್ಗಿ ಭಾರಿ ಹಿಮ ಸುರಿದಿತ್ತು. ನಾನು ಕಂಡದ್ದು ಹೊಸದಾಗಿ ಬಿದ್ದ ಹಿಮ. ಈಗ ಮೊದಲು ಅಂಚು ನೋಡುತ್ತೇನೆ. ಹಿಮ ಬಿದ್ದರೆ ನೂರಾರು ಕಿಲೋಮೀಟರ್ ಒಟ್ಟಿಗೆ ಏರುತ್ತದೆ, ಅಂಚು ಇರಲ್ಲ. ಕೆರೆಯಾದರೆ ಹತ್ತಿಪ್ಪತ್ತು ಕಿಲೋಮೀಟರ್‌ನ ಒಂದು ತೇಪೆ ಮಾತ್ರ ಏರುತ್ತದೆ, ಸುತ್ತ ಏನೂ ಆಗಿರಲ್ಲ.

ಮೊದಲು ಗುರುತಾದ ಕೆರೆಗಳ ಮೇಲೆಯೇ ಕೈ ಪಳಗಿಸಿಕೊಂಡೆ. ಒಂದು ಕೆರೆಯ ಗಡಿಯೊಳಗಿನ ಚೌಕಗಳ ಸರಾಸರಿ ತೆಗೆದು, ಸುತ್ತಲಿನ ನೆರೆಯ ಸರಾಸರಿಯನ್ನು ಅದರಿಂದ ಕಳೆದು, ಗ್ರಾಫ್ ಹಾಕುವುದು. ಇಷ್ಟೇ. ಮೊದಲ ಸಲ ಆ ಗೆರೆ ಏರುತ್ತಾ ಹೋಗಿ ಬಾಗಿದ್ದನ್ನು ನೋಡಿದಾಗ ರಾತ್ರಿ ಒಂದೂವರೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಬೆಳಿಗ್ಗೆ ನೋಡಿದ್ರೆ ಓಡಿ ಹೋಗುತ್ತಾ?" ಅಂದಳು.

ದೊಡ್ಡಪ್ಪ ಕೇಳಿದ ಪ್ರಶ್ನೆಯೇ ನನಗೆ ಹೆಚ್ಚು ಕಾಡಿದ್ದು. "ಅಲ್ಲಪ್ಪಾ, ತೂಬು ಯಾರು ತೆಗೀತಾರೆ?" ನಮ್ಮ ಕೆರೆಯಲ್ಲಿ ತೂಬಿಗೆ ನೀರಗಂಟಿ ಇದ್ದಾನೆ, ತುಂಬಿದರೆ ಕೋಡಿ ಇದೆ. ಕೋಡಿಯಲ್ಲಿ ಹೆಚ್ಚಿಗೆ ಇದ್ದದ್ದು ಮಾತ್ರ ಹೋಗುತ್ತದೆ, ಕೆರೆ ತುಂಬಿಯೇ ಇರುತ್ತದೆ. ಅಲ್ಲಿ ಹಾಗಾಗುವುದಿಲ್ಲ. ಒಮ್ಮೆ ಶುರುವಾದರೆ ಕೆರೆ ಬಹುಪಾಲು ಬರಿದಾಗಬಹುದು. ಯಾಕೆಂದರೆ ಹರಿಯುವ ನೀರೇ ತೂಬು ಕೊರೆಯುತ್ತದೆ. ತುಂಬಿದಂತೆ ಒತ್ತಡ ಏರಿ, ಅಂಚಿನಲ್ಲಿ ಮಂಜುಗಡ್ಡೆಯ ಬಿಗಿ ಸಡಿಲವಾಗಿ, ನೀರು ಸಣ್ಣಗೆ ಜಿನುಗುತ್ತದೆ. ಹರಿಯುವಾಗಿನ ಉಜ್ಜಾಟಕ್ಕೆ ಕಾವು ಹುಟ್ಟಿ ಮೇಲಿನ ಮಂಜುಗಡ್ಡೆ ಕರಗುತ್ತದೆ. ದಾರಿ ದೊಡ್ಡದಾಗುತ್ತದೆ. ದೊಡ್ಡದಾದಷ್ಟೂ ನೀರು ಜಾಸ್ತಿ, ನೀರು ಜಾಸ್ತಿಯಾದಷ್ಟೂ ಕರಗುವುದು ಜಾಸ್ತಿ. ಕೊನೆಗೆ ಕೆರೆ ಇಳಿದು ನೀರಿನ ಒತ್ತಡ ಬಿದ್ದಾಗ ಮೇಲಿನ ಭಾರಕ್ಕೆ ಮಂಜುಗಡ್ಡೆ ಮೆತ್ತಗೆ ಒಳಗೆ ಜಗ್ಗಿ ದಾರಿಯನ್ನು ಮುಚ್ಚುತ್ತದೆ. ಮತ್ತೆ ತುಂಬಲು ಶುರು. ಕೆಲವು ಕಡೆ ಕಾಲುವೆಯಾಗಿ ಅಲ್ಲದೆ ತಳದ ಕೆಸರಿನಲ್ಲಿ ಹರಡಿಕೊಂಡೂ ಹೋಗುತ್ತದೆ.

"ಅಂದ್ರೆ ತೂಬೂ ಅದೇ, ನೀರಗಂಟಿನೂ ಅದೇ" ಅಂದರು ದೊಡ್ಡಪ್ಪ. ನನ್ನ ಅರ್ಧ ಗಂಟೆ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಇದರಿಂದ ಏನಾಗಬೇಕು ಅಂತ ಕೇಳುವವರಿದ್ದಾರೆ. ನೀರು ಮಂಜುಗಡ್ಡೆಯ ಅಡಿ ಜಾರುಬಂಡೆ ಮಾಡುತ್ತದೆ. 2005ರ ಕೊನೆಯಿಂದ 2007ರ ಶುರುವಿನವರೆಗೆ ಅಂಟಾರ್ಕ್ಟಿಕಾದ ಬರ್ಡ್ ಹಿಮನದಿ ಸುಮಾರು ಶೇ. 10 ವೇಗ ಹೆಚ್ಚಿಸಿಕೊಂಡಿತ್ತು. ಅದೇ ಹೊತ್ತಿಗೆ ಮೇಲ್ಭಾಗದ ಎರಡು ಕೆರೆಗಳ ನೀರು ಅದರಡಿ ಹೋಗಿತ್ತು. ಜಾರಿ ಸಮುದ್ರಕ್ಕೆ ಸೇರುವ ಮಂಜುಗಡ್ಡೆ ಎಷ್ಟು ಅನ್ನುವ ಲೆಕ್ಕಕ್ಕೆ ಅಡಿಯ ನೀರಿನ ಲೆಕ್ಕವೂ ಬೇಕು. ಗ್ರೀನ್‌ಲ್ಯಾಂಡ್‌ನಲ್ಲಿ ಬೇರೆ ಕಥೆ, ಅಲ್ಲಿ ಬೇಸಿಗೆಯಲ್ಲಿ ಮೇಲೆ ಕರಗಿದ ನೀರೇ ಬಿರುಕಿನಲ್ಲಿ ಕೆಳಗೆ ಬೀಳುತ್ತದೆ. 2006ರ ಜುಲೈನಲ್ಲಿ ಐದೂವರೆ ಚದರ ಕಿಲೋಮೀಟರ್ ಅಗಲದ ಒಂದು ಕೆರೆ ಎರಡು ಗಂಟೆಯೊಳಗೆ ಖಾಲಿಯಾಗಿತ್ತು. ಅದರ ಕಡೆ ನಾನು ಕೈ ಹಾಕಿಲ್ಲ.

ನೀರಿನಲ್ಲಿ ಜೀವ ಇದೆಯಾ ಅಂತ ಮಗಳು ಕೇಳಿದಳು. ಇದೆ. 2013ರ ಜನವರಿಯಲ್ಲಿ ಅಮೆರಿಕದವರು ಬಿಸಿನೀರಿನಿಂದ ಎಂಟುನೂರು ಮೀಟರ್ ಕೊರೆದು ವಿಲ್ಲನ್ಸ್ ಕೆರೆ ಮುಟ್ಟಿದರು. ನೀರು ಇದ್ದದ್ದು ಎರಡು ಮೀಟರ್ ಆಳ. ನಮ್ಮೂರ ಕೆರೆ ಬೇಸಿಗೆಯಲ್ಲಿ ಇರುವಷ್ಟು. ಅದರಲ್ಲಿ ಸೂರ್ಯನನ್ನೇ ಕಾಣದ ಸೂಕ್ಷ್ಮಜೀವಿಗಳಿದ್ದವು.

ನನ್ನ ನಲವತ್ತು ಗುಂಡಿಗಳು ಈಗ ಮೂರಕ್ಕೆ ಬಂದಿವೆ. ಬಹುಪಾಲು ಏನೂ ಅಲುಗಾಡಲಿಲ್ಲ. ಕೆಲವು, ನಾನು ಎರಡನೇ ಸಲ ಓದಿದಾಗ, ಪಟ್ಟಿಯಲ್ಲಿ ಮೊದಲೇ ಇದ್ದವು. 2025ರಲ್ಲಿ ಯುರೋಪಿನ ಕ್ರಯೋಸ್ಯಾಟ್-2 ಸ್ಯಾಟಲೈಟ್ ಮಾಹಿತಿಯಿಂದ ಒಟ್ಟಿಗೆ 85 ಹೊಸ ಏರಿಳಿಯುವ ಕೆರೆ ಸಿಕ್ಕವು, ಅಂಥವು ಒಟ್ಟು 231 ಆದವು. ಆ ಸುದ್ದಿ ಬಂದ ದಿನ ನನ್ನ ಮೂರನ್ನೂ ಅದರಲ್ಲಿ ಹುಡುಕಿದೆ. ಇರಲಿಲ್ಲ. ಖುಷಿಯೋ ಬೇಜಾರೋ ಹೇಳೋಕಾಗಲ್ಲ.

ಮೂರರಲ್ಲಿ ಎರಡು ನನಗೇ ನಂಬಿಕೆ ಇಲ್ಲ. ಒಂದು ಮಾತ್ರ ಏರುತ್ತಿದೆ, ಅಂಚೂ ಇದೆ. ದೊಡ್ಡಪ್ಪ ತೂಬಿನ ಕಲ್ಲಿಗೆ ಸುಣ್ಣದ ಗೆರೆ ಹಾಕಿ ನೀರು ಎಲ್ಲಿಗೆ ಬಂತು ನೋಡುತ್ತಿದ್ದರು. ಈಗ ಊರಿಗೆ ಹೋದಾಗಲೆಲ್ಲ ಮೊದಲು ಮಳೆ ಕೇಳುತ್ತಾರೆ, ಆಮೇಲೆ "ನಿನ್ನ ಕೆರೆ ಎಷ್ಟಕ್ಕೆ ಬಂತು?" ಅನ್ನುತ್ತಾರೆ. ಹೋದ ತಿಂಗಳು ಮೊಣಕೈ ಮುಟ್ಟಿ ತೋರಿಸಿದೆ, ಇಷ್ಟು ಏರಿದೆ ಅಂತ. ಮುಂದಿನ ಕಂತಿನ ಫೈಲ್ ಇನ್ನೂ ಬಂದಿಲ್ಲ.